ನಂಬರ್ ನಮ್ಮದು, ರೇಟಿಂಗ್ ಯಾರದ್ದು?

ತಿಪಟೂರಿನಲ್ಲಿ ನನ್ನ ಸೋದರಮಾವನದ್ದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟುಹೋದರೆ ಸುತ್ತಲಿನ ತೆಂಗಿನ ತೋಟದವರು ಫೋನ್ ಮಾಡೋದು ಅಲ್ಲಿಗೇ. ಮೊನ್ನೆ ಊರಿಗೆ ಹೋದಾಗ ಫೋನ್ ಮಾಡಿದವರನ್ನೆಲ್ಲ ‘ನಂಬರ್ ಎಲ್ಲಿ ಸಿಕ್ತು?’ ಅಂತ ಕೇಳೋಕೆ ಮಾವನಿಗೆ ಹೇಳಿದೆ. ಹಿರಿಯರು ‘ನೀವೇ ಕೊಟ್ಟ ಕ್ಯಾಲೆಂಡರಲ್ಲಿ’, ‘ವರ್ತಕರ ಡೈರೆಕ್ಟರಿಯಲ್ಲಿ’ ಅಂದ್ರು. ಅಪ್ಪನ ತೋಟದ ಮೋಟಾರಿಗಾಗಿ ಬೆಂಗಳೂರಿಂದ ಫೋನ್ ಮಾಡಿದ ಹುಡುಗರು ‘ಮ್ಯಾಪಲ್ಲಿ’ ಅಂದ್ರು.

‘ಈ ಕಾಲದಲ್ಲಿ ಡೈರೆಕ್ಟರಿಗೆ ಯಾಕೋ ದುಡ್ಡು?’ ಅಂತ ಮಾವನ ಪ್ರಶ್ನೆ. ಕೇಳೋಕೆ ಚಿಲ್ಲರೆ ಪ್ರಶ್ನೆ, ಆದರೆ ಒಳಗಿರೋದು ಅಧಿಕಾರದ ಪ್ರಶ್ನೆ.

ಅಚ್ಚಿನ ಡೈರೆಕ್ಟರಿಯ ಲೆಕ್ಕ ಸರಳ. ಒಂದು ಸಲ ದುಡ್ಡು ಕೊಟ್ಟರೆ ಇಂತಿಷ್ಟು ಜಾಗ. ಹೆಸರುಗಳು ಅಕ್ಷರಕ್ರಮದಲ್ಲಿ. ಮೊದಲು ಬರಲಿ ಅಂತ ಅಂಗಡಿಗೆ ‘ಎ ಒನ್’ ಅಂತ ಹೆಸರಿಡಬಹುದು, ಅಲ್ಲಿನ ರಾಜಕೀಯ ಅಷ್ಟೇ. ಅಚ್ಚಾದ ಮೇಲೆ ನಿಮ್ಮನ್ನು ಯಾರೂ ಕೆಳಕ್ಕೆ ತಳ್ಳೋಕಾಗಲ್ಲ. ಆದರೆ ನಂಬರ್ ಬದಲಾದರೆ ಮುಂದಿನ ಆವೃತ್ತಿವರೆಗೆ ಕಾಯಬೇಕು. ಎಷ್ಟು ಜನ ನೋಡಿದರು ಅನ್ನೋದೂ ಗೊತ್ತಾಗಲ್ಲ.

ಆನ್‌ಲೈನ್ ಇದಕ್ಕೆ ಪೂರ್ತಿ ಉಲ್ಟಾ. ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ, ನಂಬರ್, ಸಮಯ, ಫೋಟೋ ಯಾವಾಗ ಬೇಕಾದರೂ ಬದಲಾಯಿಸಬಹುದು. ಹುಡುಕಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ ಅನ್ನೋದರ ಮೇಲೆ ಸ್ಥಾನ ಸಿಗುತ್ತೆ, ದುಡ್ಡು ಕೊಟ್ಟು ಅದನ್ನು ಕೊಳ್ಳೋಕಾಗಲ್ಲ ಅನ್ನುತ್ತೆ ಗೂಗಲ್. ಆದರೆ ಆ ಪಟ್ಟಿಯ ಮೇಲುಗಡೆಯೇ ಜಾಹೀರಾತಿಗೆ ಜಾಗ ಇದೆ, ಮತ್ತು ಅದು ನಡೆಯೋದು ಹರಾಜಿನಲ್ಲಿ.

ಹಾಗಾಗಿ ಎರಡನ್ನೂ ಜೋಡಿಸಬೇಕು. ಹೇಗೆ?

ಮೊದಲನೆಯದು, ಹೆಸರು, ವಿಳಾಸ, ನಂಬರ್ ಎಲ್ಲ ಕಡೆ ಒಂದೇ ಥರ ಇರಲಿ. ಡೈರೆಕ್ಟರಿಯಲ್ಲಿ ‘ಶ್ರೀ ಲಕ್ಷ್ಮಿ ಎಲೆಕ್ಟ್ರಿಕಲ್ಸ್’, ಮ್ಯಾಪಲ್ಲಿ ಬರೀ ‘ಲಕ್ಷ್ಮಿ ಮೋಟಾರ್ಸ್’ ಅಂತಿದ್ದರೆ ಗಿರಾಕಿಗೂ ಗೊಂದಲ, ಸರ್ಚ್ ಎಂಜಿನ್ನಿಗೂ ಗೊಂದಲ.

ಎರಡನೆಯದು, ಡೈರೆಕ್ಟರಿ, ಕ್ಯಾಲೆಂಡರ್, ಬಿಲ್ ಬುಕ್ ಎಲ್ಲದರ ಮೇಲೂ ಕ್ಯೂಆರ್ ಕೋಡ್ ಹಾಕಿಸಿ. ಆದರೆ ಸ್ಟ್ಯಾಟಿಕ್ ಕೋಡೇ ಇರಲಿ. ಅದರಲ್ಲಿ ಲಿಂಕ್ ನೇರವಾಗಿ ಅಡಗಿರುತ್ತೆ, ಕೋಡಿಗೆ ಅವಧಿ ಅಂತ ಇರಲ್ಲ. ಡೈನಮಿಕ್ ಕೋಡ್ ಮಧ್ಯದಲ್ಲಿ ಇನ್ನೊಂದು ಕಂಪನಿಯ ಸರ್ವರ್ ದಾಟಿ ಹೋಗುತ್ತೆ. ಆ ಕಂಪನಿಗೆ ಚಂದಾ ಕಟ್ಟೋದು ನಿಲ್ಲಿಸಿದರೆ ಗೋಡೆ ಮೇಲಿನ ಕ್ಯಾಲೆಂಡರ್ ಮೂಕವಾಗಬಹುದು.

ಮೂರನೆಯದು, ‘ನಂಬರ್ ಎಲ್ಲಿ ಸಿಕ್ತು?’ ಅಂತ ಪ್ರತಿಯೊಬ್ಬರನ್ನೂ ಕೇಳಿ, ನೋಟ್‌ಬುಕ್ಕಲ್ಲಿ ಗೀಟು ಹಾಕಿ. ಮೂರು ತಿಂಗಳಾದ ಮೇಲೆ ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಆ ಗೀಟುಗಳೇ ಹೇಳ್ತವೆ. ಗಿರಾಕಿಗಳ ನಂಬರನ್ನೂ ಅಲ್ಲೇ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಯಾಕೆ ಅಂದ್ರೆ, ಆನ್‌ಲೈನ್ ಪಟ್ಟಿ ಬಾಡಿಗೆ ಮನೆ ಇದ್ದ ಹಾಗೆ. ಫೋನಿನಲ್ಲಿ ಅಂಗಡಿಗಳ ಮಾಹಿತಿ ಕೊಡುವ ಸೇವೆಯಾಗಿ 1996ರಲ್ಲಿ ಶುರುವಾದ ಜಸ್ಟ್‌ಡಯಲ್ 2021ರಲ್ಲಿ ರಿಲಯನ್ಸ್ ರೀಟೇಲ್ ಹಿಡಿತಕ್ಕೆ ಬಂತು. ಪಟ್ಟಿಯಲ್ಲಿದ್ದ ಅಂಗಡಿಯವರನ್ನು ಯಾರೂ ಕೇಳಲಿಲ್ಲ, ಕೇಳಬೇಕು ಅಂತ ನಿಯಮವೂ ಇಲ್ಲ. ಹುಡುಕಾಟದ ಫಲಿತಾಂಶದಲ್ಲಿ ಪಕ್ಷಪಾತ ಮಾಡಿದೆ ಅಂತ ಭಾರತೀಯ ಸ್ಪರ್ಧಾ ಆಯೋಗ 2018ರಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತ್ತು. ದೊಡ್ಡ ಪಟ್ಟಿಯ ಯಜಮಾನ ತಟಸ್ಥನಾಗೇ ಇರ್ತಾನೆ ಅಂತ ನಂಬಿ ಕೂರೋಕಾಗಲ್ಲ.

ಭಾಷೆಯದ್ದೂ ಇದೇ ಕತೆ. ಬೋರ್ಡಿನ 60% ಭಾಗ ಕನ್ನಡದಲ್ಲಿರಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಆಯ್ತು. ನಾವೂ ಖುಷಿಪಟ್ವಿ. ಆದರೆ ಇವತ್ತು ಬೋರ್ಡಿಗಿಂತ ಮೊದಲು ಕಣ್ಣಿಗೆ ಬೀಳೋದು ಮ್ಯಾಪಿನ ಹೆಸರು. ನಿಮ್ಮ ಮನೆಯವರ ಅಂಗಡಿಯ ವಿವರ ಅಲ್ಲಿ ಕನ್ನಡದಲ್ಲಿದೆಯಾ? ಒಮ್ಮೆ ನೋಡಿ.

ಇನ್ನು ದೊಡ್ಡ ಪ್ರಶ್ನೆ. 2011ರಲ್ಲಿ ಮೊಬೈಲ್ ನಂಬರ್ ಪೋರ್ಟಬಿಲಿಟಿ ದೇಶಾದ್ಯಂತ ಬಂತು. ಅಲ್ಲಿವರೆಗೆ ಕಂಪನಿ ಬಿಟ್ಟರೆ ನಂಬರ್ರೂ ಬಿಡಬೇಕಿತ್ತು. ಗಿರಾಕಿಗಳು ತಪ್ಪಿಹೋಗ್ತಾರೆ ಅನ್ನೋ ಭಯಕ್ಕೇ ಅಂಗಡಿಯವರು ಕೆಟ್ಟ ಸೇವೆಯನ್ನೂ ಸಹಿಸಿಕೊಳ್ಳಬೇಕಿತ್ತು. ಒಂದು ನಿಯಮ ಬಂದಿದ್ದೇ ಆ ಭಯ ಹೋಯ್ತು. ಹಾಗಾದರೆ ಹತ್ತು ವರ್ಷ ನಿಯತ್ತಾಗಿ ದುಡಿದು ಗಳಿಸಿದ ರೇಟಿಂಗ್, ರಿವ್ಯೂ ಯಾಕೆ ಪೋರ್ಟ್ ಆಗಲ್ಲ? ಒಂದು ವೇದಿಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಸಣ್ಣ ವ್ಯಾಪಾರಿ ಯಾಕೆ ಮತ್ತೆ ಸೊನ್ನೆಯಿಂದ ಶುರು ಮಾಡಬೇಕು? ಡಿಜಿಟಲ್ ಮಾರುಕಟ್ಟೆಯ ನಿಯಮಗಳ ಚರ್ಚೆ ಬಂದಾಗಲೆಲ್ಲ ನಾವು ಎತ್ತಬೇಕಾದ ಬೇಡಿಕೆ ಇದು.

ಆ ನಿಯಮ ಬರೋವರೆಗೆ ಅಚ್ಚಿನ ಪಟ್ಟಿ ಹಳೇ ಕಾಲದ ಮೋಹ ಅಲ್ಲ, ಚೌಕಾಸಿಗೆ ಉಳಿದಿರೋ ಬಲ. ಮಾವ ಈ ಸಲವೂ ಡೈರೆಕ್ಟರಿಗೆ ದುಡ್ಡು ಕಟ್ಟಿದರು. ಕ್ಯಾಲೆಂಡರಿನ ಮೂಲೆಯಲ್ಲಿ ಕ್ಯೂಆರ್ ಕೋಡೂ ಬಂತು. ನಂಬರ್ ಮಾತ್ರ ಅದಕ್ಕಿಂತ ದೊಡ್ಡದಾಗಿದೆ. ‘ಅದು ನಂದು ಕಣೋ’ ಅಂದ್ರು.