ಟ್ರೆಡ್‌ಮಿಲ್ ಸಿಕ್ಕೀತು, ಹೇಳಿಕೊಡುವವರು?

ಕುವೆಂಪುನಗರದಲ್ಲಿ ಒಂದು ಕಟ್ಟಡದ ಮೊದಲ ಮಹಡಿ ಬಾಡಿಗೆಗೆ ಹಿಡಿದು ಜಿಮ್ ತೆರೆಯಲು ಹೊರಟ ನನ್ನ ತಂಗಿಯ ಮಗ ಖರ್ಚಿನ ಪಟ್ಟಿ ತಂದು ತೋರಿಸಿದ. ಟ್ರೆಡ್‌ಮಿಲ್, ಡಂಬೆಲ್, ಗೋಡೆತುಂಬ ಕನ್ನಡಿ, ರಬ್ಬರ್ ಹಾಸು, ಎಲ್ಲಕ್ಕೂ ಕೊಟೇಶನ್ ಇತ್ತು. ಕೊನೆಯ ಸಾಲಿನಲ್ಲಿ ‘ಟ್ರೈನರ್’ ಎಂದಷ್ಟೇ ಬರೆದಿದ್ದ, ಎದುರಿಗೆ ಮೊತ್ತವಿಲ್ಲ. “ಹುಡುಗರು ಸಿಗ್ತಾರೆ ಬಿಡಿ ಮಾವ, ಬಾಡಿ ಇರೋರಿಗೆ ಮೈಸೂರಲ್ಲಿ ಬರವೇ?” ಅಂದ.

ಬರವಿಲ್ಲ, ಒಪ್ಪಿದೆ. ಗರಡಿಮನೆಗಳ ಊರು ಇದು. ದಸರಾ ಬಂತೆಂದರೆ ದೊಡ್ಡಕೆರೆ ಮೈದಾನದ ಬಳಿಯ ದೇವರಾಜ ಅರಸು ಕ್ರೀಡಾಂಗಣದಲ್ಲಿ ದಸರಾ ಕೇಸರಿ, ದಸರಾ ಕಂಠೀರವ ಎಂದು ಪಟ್ಟಕ್ಕೆ ಸೆಣಸುವವರು ಎಷ್ಟೊಂದು ಜನ! ಆದರೆ ಬಸ್ಕಿ ಹೊಡೆಯುವುದು ಬೇರೆ, ಹೊಡೆಸುವುದು ಬೇರೆ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು ನಾನು. ಓಟದಲ್ಲಿ ಮೊದಲು ಬರುತ್ತಿದ್ದ ಎಷ್ಟೋ ಹುಡುಗರಿಗೆ ಪಕ್ಕದವನಿಗೆ ಓಡುವುದನ್ನು ಹೇಳಿಕೊಡಲು ಬರುತ್ತಿರಲಿಲ್ಲ.

ಇದೇ ಊರಲ್ಲಿ 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಒಂದು ವ್ಯಾಯಾಮಶಾಲೆ ಬೇಕಾಯಿತು. ವಜ್ರಮುಷ್ಟಿ ಕಾಳಗದ ಜಟ್ಟಿಗಳು ಅರಮನೆಯ ಆಶ್ರಯದಲ್ಲೇ ಇದ್ದರು. ಕಟ್ಟುಮಸ್ತಾದ ಆಳಿಗಾಗಿ ಹೊರಗೆ ಹುಡುಕಬೇಕಿರಲಿಲ್ಲ. ಆದರೂ ಒಡೆಯರು ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ಕೇಳಿದರು. ‘ರೂಪದರ್ಶಿ’, ‘ಶಾಂತಲಾ’ ಬರೆದ ಕಾದಂಬರಿಕಾರರೇ ಇವರು. ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದರು, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸುತ್ತಿದ್ದರು. ಮೈಸೂರಿನ ತರಗತಿಗಳನ್ನು ನೋಡಿಕೊಂಡವರು ಅವರ ಶಿಷ್ಯ ಅನಂತರಾವ್. ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗ ಕಲಿಸುತ್ತಿದ್ದ ಜಾಗದ ಪಕ್ಕದಲ್ಲೇ ಅವರ ಪಾಠ. ಬಲಶಾಲಿಗಿಂತ ಒಳ್ಳೆಯ ಗುರುವಿನ ಕೈಯಲ್ಲಿ ತಯಾರಾದವನು ಮೇಲು ಎಂದು ಅರಮನೆ ಎಣಿಸಿರಬೇಕು. ಇದು ನನ್ನ ಊಹೆ. ಅಳಿಯನಿಗೆ ಹೇಳುವಾಗ ಮಾತ್ರ ಊಹೆ ಎನ್ನಲಿಲ್ಲ.

ವೈದ್ಯರಿಗೆ, ವಕೀಲರಿಗೆ ನೋಂದಣಿ ಮಾಡಿಕೊಳ್ಳುವ ಪರಿಷತ್ತುಗಳಿವೆ. ಜಿಮ್ ಟ್ರೈನರಿಗೆ ಅಂಥ ಕಡ್ಡಾಯವಿಲ್ಲ. ಹಾಗಾಗಿ ಜರಡಿ ಹಿಡಿಯುವ ಕೆಲಸ ಮಾಲೀಕನದೇ. ಬಂದ ಅರ್ಜಿಗಳಲ್ಲಿ ಬಗೆಬಗೆಯ ಸರ್ಟಿಫಿಕೇಟುಗಳಿದ್ದವು. ಬಿ.ಪಿ.ಎಡ್. ಎಂದರೆ ಶಾಲೆಯ ಮೇಷ್ಟ್ರಾಗಲು ಓದಿದ ಪದವಿ. ಅಂಗರಚನೆ ಗೊತ್ತಿರುತ್ತದೆ, ಬಾರ್ಬೆಲ್ ಹಿಡಿಸಿದ ಅನುಭವ ಇರಲೇಬೇಕೆಂದಿಲ್ಲ. ಪಟಿಯಾಲದ ಎನ್.ಐ.ಎಸ್. ಡಿಪ್ಲೊಮಾ ದೊಡ್ಡದೇ, ಆದರೆ ಅದು ಒಂದೊಂದು ಕ್ರೀಡೆಯ ಕೋಚಿಂಗಿಗೆ ಸೇರಿದ್ದು. ಫಿಟ್‌ನೆಸ್ ಟ್ರೈನರ್ ಕೆಲಸಕ್ಕೆಂದೇ ಕ್ರೀಡಾ ಕೌಶಲ ಮಂಡಳಿ ಕೊಡುವ ಪ್ರಮಾಣಪತ್ರವೂ ಉಂಟು. ಅಮೆರಿಕದ ಎ.ಸಿ.ಇ.ಯದಾದರೆ ಎರಡು ವರ್ಷಕ್ಕೊಮ್ಮೆ ನವೀಕರಿಸಿರಬೇಕು, ಆದ್ದರಿಂದ ದಿನಾಂಕ ನೋಡಿ ಎಂದೆ. ವಾರಾಂತ್ಯದ ಆನ್‌ಲೈನ್ ಕೋರ್ಸಿನ ಹೊಳೆಯುವ ಕಾಗದಗಳನ್ನು ನಾನು ಪಕ್ಕಕ್ಕಿಟ್ಟೆ.

ಕಾಗದ ಬಾಗಿಲವರೆಗೆ ತರುತ್ತದೆ, ಅಷ್ಟೆ. ಒಳಗೆ ಬಂದವರಿಗೆಲ್ಲ ಒಂದೇ ಪರೀಕ್ಷೆ: “ನನಗೆ ಬಸ್ಕಿ ಹೇಳಿಕೊಡಿ.” ಒಬ್ಬ ಹುಡುಗ, ತೋಳು ನೋಡಿದರೆ ದೃಷ್ಟಿ ತಾಕಬೇಕು, ತಾನೇ ಇಪ್ಪತ್ತು ಹೊಡೆದು ತೋರಿಸಿ “ಹಿಂಗೆ ಸಾರ್” ಅಂದ. ಆಮೇಲೆ ಬಂದ ಹೆಣ್ಣುಮಗಳು ಮೊದಲು ಕೇಳಿದ್ದು ಬಿ.ಪಿ. ಮಾತ್ರೆ ತಗೊಳ್ತೀರಾ, ಮೊಣಕಾಲು ನೋವಿದೆಯಾ, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಾ ಎಂದು. ಕುರ್ಚಿ ಎಳೆದು ಕೂರಿಸಿ ಎಬ್ಬಿಸಿದಳು. ತಾನು ಬದಿಗೆ ನಿಂತು ನನ್ನ ಹಿಮ್ಮಡಿ, ಮೊಣಕಾಲು, ಬೆನ್ನು ಗಮನಿಸಿದಳು. ಅವಳನ್ನು ಅಂದೇ ಒಪ್ಪಿಕೊಂಡೆವು. ತೋಳಿನ ಹುಡುಗನನ್ನೂ ಬಿಡಲಿಲ್ಲ. ಕಲಿಯುವ ಆಸೆ ಇತ್ತು. ಅವಳ ಜೊತೆಯಲ್ಲೇ ಒಂದು ತಿಂಗಳು ನಿಂತು ನೋಡಲಿ ಎಂದು ಷರತ್ತು ಹಾಕಿದೆವು.

ಎರಡನೆಯ ಪ್ರಶ್ನೆ: ಯಾರಾದರೂ ಕುಸಿದು ಬಿದ್ದರೆ? 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ವ್ಯಾಯಾಮದ ಬೆನ್ನಿಗೇ ಹೃದಯಾಘಾತವಾಗಿ 46ನೇ ವಯಸ್ಸಿಗೇ ಹೋದ ಮೇಲೆ ಇಲ್ಲಿನ ಜಯದೇವ ಆಸ್ಪತ್ರೆ ಮುಂದೆ ಎದೆ ತಪಾಸಣೆಗೆ ಜನ ಸಾಲು ನಿಂತಿದ್ದರು. ಆ ಹೆದರಿಕೆ ಜಿಮ್‌ಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. “108ಕ್ಕೆ ಫೋನ್ ಮಾಡ್ತೀನಿ” ಎಂದವರೇ ಹೆಚ್ಚು. ಸರಿಯಾದ ಉತ್ತರವೇ, ಆದರೆ ಅರ್ಧ. ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಸಿ.ಪಿ.ಆರ್. ತರಬೇತಿ ಆಗದೆ ಯಾರೂ ಮಹಡಿಯಲ್ಲಿ ಒಬ್ಬರೇ ನಿಲ್ಲಬಾರದು ಎಂದು ನಿಯಮ ಮಾಡಿಸಿದೆ. ಸ್ವಾಗತದ ಮೇಜಿನ ಹುಡುಗಿಗೂ, ಗುಡಿಸಿ ಒರೆಸುವ ಅಮ್ಮನಿಗೂ ಅದೇ ನಿಯಮ.

ಜಗಳವಾದದ್ದು ಸಂಬಳದ ವಿಷಯಕ್ಕೆ. ಕೈಗೆ ಕಡಿಮೆ ಕೊಟ್ಟು, ಪರ್ಸನಲ್ ಟ್ರೈನಿಂಗ್ ಹಿಡಿದರೆ ಕಮಿಷನ್, ಪ್ರೋಟೀನ್ ಡಬ್ಬ ಮಾರಿದರೆ ಇನ್ನೊಂದಿಷ್ಟು ಎಂಬ ಲೆಕ್ಕ ಅಳಿಯನದು. ಡಬ್ಬದ ಮೇಲೆ ಹೊಟ್ಟೆ ಹೊರೆಯುವವನು ಬಂದವರಿಗೆಲ್ಲ ಡಬ್ಬವನ್ನೇ ಔಷಧಿ ಎನ್ನುತ್ತಾನೆ. ಅಲ್ಲಿಂದ ಒಂದು ಹೆಜ್ಜೆ ಇಟ್ಟರೆ ಸ್ಟೀರಾಯ್ಡ್. ಅದನ್ನು ವೈದ್ಯರ ಚೀಟಿ ಇಲ್ಲದೆ ಕೊಡುವುದೇ ಅಪರಾಧ. ಮಾರಾಟಕ್ಕೂ ಸಂಬಳಕ್ಕೂ ನಂಟು ಬೇಡ ಎಂದು ಹಟ ಹಿಡಿದೆ. ಡಬ್ಬದ ಕಮಿಷನ್ ಹೋಯಿತು, ಪರ್ಸನಲ್ ಟ್ರೈನಿಂಗಿನದು ಉಳಿಯಿತು. ನೇಮಕಾತಿ ಪತ್ರ, ವಾರದ ರಜೆಗೆ ಅವನ ತಕರಾರಿರಲಿಲ್ಲ. ಹತ್ತು ಜನರಾದರೆ ಇ.ಎಸ್.ಐ. ಬರುತ್ತದೆ ಎಂದಾಗ ಮುಖ ಸ್ವಲ್ಪ ಸಣ್ಣದಾಯಿತು.

ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದರೆ ಹತ್ತಕ್ಕೆ ಜಿಮ್ ಖಾಲಿ. ಮತ್ತೆ ಸಂಜೆ ಐದರಿಂದ ರಾತ್ರಿ ಒಂಬತ್ತೂವರೆ. ಒಬ್ಬನನ್ನೇ ಎರಡೂ ಹೊತ್ತಿಗೆ ಹಾಕುವುದು ಎಷ್ಟೋ ಕಡೆ ರೂಢಿ. ಇಲವಾಲದಿಂದಲೋ ವರುಣದಿಂದಲೋ ಬರುವ ಹುಡುಗ ನಡುವೆ ಮನೆಗೆ ಹೋಗಿ ಬರಲಾರ, ಬೆಂಚಿನ ಮೇಲೆ ಮಲಗುತ್ತಾನೆ. ಪಕ್ಕದ ಬಡಾವಣೆಯಲ್ಲಿ ಸಾವಿರ ಜಾಸ್ತಿ ಸಿಕ್ಕಿದೊಡನೆ ಹೊರಡುತ್ತಾನೆ, ಜೊತೆಗೆ ಸದಸ್ಯರೂ ಹೊರಡುತ್ತಾರೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ವಿರಾಮವೂ ಸೇರಿ ಒಬ್ಬರ ಕೆಲಸದ ದಿನ ಹನ್ನೆರಡು ಗಂಟೆ ಮೀರಬಾರದು. ಇಲ್ಲಿ ಅದು ಹದಿನಾರಾಗುತ್ತದೆ. ಅಳಿಯ ಬೆರಳು ಮಡಚಿ ಎಣಿಸಿ ಸುಮ್ಮನಾದ. ಈಗ ಬೆಳಗಿಗೆ ಇಬ್ಬರು, ಸಂಜೆಗೆ ಇಬ್ಬರು. ಹತ್ತರ ಮೇಲೆ ಮನೆಗೆಲಸ ಮುಗಿಸಿ ಬರುವ ಹೆಂಗಸರಿಗೊಂದು ಬ್ಯಾಚ್ ಬೇಕೆಂದು ಬೀದಿಯವರು ಕೇಳುತ್ತಿದ್ದಾರೆ. ಅದಕ್ಕೆ ಇನ್ನೊಬ್ಬ ಮಹಿಳಾ ಟ್ರೈನರಿಗಾಗಿ ಹುಡುಕಾಟ ನಡೆದಿದೆ.