ಪಾಮಾಯಿಲ್ ಹಿಂದಿನ ಕಾಡಿನ ಕಥೆ

ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯ ಶೇಂಗಾ ರೈತರಿಗೂ ಎಣ್ಣೆ ವ್ಯಾಪಾರಿಗಳಿಗೂ ಪಾಮಾಯಿಲ್ ಹೊಸದಲ್ಲ. 1994ರಲ್ಲಿ ಅದರ ಆಮದಿಗೆ ಬಾಗಿಲು ತೆರೆದ ಮೇಲೆ ಶೇಂಗಾ ಎಣ್ಣೆಗೆ ಅದರದ್ದೇ ಪೈಪೋಟಿ. ಆದರೆ ಆ ಎಣ್ಣೆ ಬರುವ ನೆಲದವರ ಪಾಡೇನು?

ಇಂಡೋನೇಷ್ಯಾ, ಮಲೇಷ್ಯಾ, ಬ್ರೂನೈ ಹಂಚಿಕೊಂಡಿರುವ ಬೋರ್ನಿಯೋ ದ್ವೀಪ ಮಳೆಕಾಡಿನ ನಾಡು. ಅಲ್ಲಿನ ಮೂಲನಿವಾಸಿಗಳು ದಯಾಕರು. ನಾವು ಕುಮರಿ, ತೆಲುಗಿನಲ್ಲಿ ಪೋಡು ಅಂತೀವಲ್ಲ, ಅದೇ ಅವರ ಬೇಸಾಯ. ಒಂದು ತುಂಡು ಕಾಡು ಕಡಿದು, ಸುಟ್ಟು, ಕೋಲಿನಿಂದ ಕುಳಿ ಮಾಡಿ ಭತ್ತ ಬಿತ್ತುವುದು. ಒಂದೆರಡು ಬೆಳೆ ತೆಗೆದು ಹತ್ತಾರು ವರ್ಷ ಬೀಳು ಬಿಡುವುದು. ಬೀಳು ಅಂದರೆ ಬರಡಲ್ಲ. ಹಣ್ಣಿನ ಮರ, ಬೆತ್ತ ಎಲ್ಲಾ ಅಲ್ಲೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ರಬ್ಬರ್ ಬಂದಾಗ ಅದನ್ನೂ ಬೀಳಿನಲ್ಲೇ ನೆಟ್ಟರು. ಪೇಟೆಯ ದುಡ್ಡೂ ಬಂತು, ಭತ್ತವೂ ಉಳೀತು.

ಪೆಟ್ಟು ಬಿದ್ದದ್ದು ಕಾನೂನಿನಿಂದ. ಸರವಾಕಿನ 1958ರ ಭೂ ಕಾನೂನು ಆ ವರ್ಷಕ್ಕೆ ಮುಂಚೆ ಕಾಡು ಕಡಿದು ಸಾಗು ಮಾಡಿದ ನೆಲಕ್ಕೆ ಮಾತ್ರ ಹಕ್ಕು ಒಪ್ಪಿತು. ಇಂಡೋನೇಷ್ಯಾದ 1967ರ ಅರಣ್ಯ ಕಾನೂನು ಕಾಡನ್ನು ಸರ್ಕಾರದ ಕೈಗಿತ್ತಿತು. ಮೊದಲು ಮರದ ಕಂಪನಿಗಳು ಬಂದವು, ಹಿಂದೆಯೇ ತಾಳೆ ತೋಟದವು. ಅಧಿಕಾರಿಗಳ ಕಣ್ಣಿಗೆ ಬೀಳು ನೆಲ ಒಡೆಯರಿಲ್ಲದ ನೆಲ.

ರಬ್ಬರ್ ಬೆಲೆ ಬಿದ್ದರೆ ಹಾಲು ಇಳಿಸದೆ ಸುಮ್ಮನಿರಬಹುದು. ತಾಳೆ ಹಾಗಲ್ಲ. ಕೊಯ್ದ ಗೊನೆ ಒಂದೆರಡು ದಿನದೊಳಗೆ ಗಿರಣಿ ಸೇರಲೇಬೇಕು, ಗಿರಣಿಯೋ ಕಂಪನಿಯದು. ಕಲಿಮಂತಾನ್‌ನ ಎಷ್ಟೋ ಕಡೆ ಹೆಚ್ಚು ಭೂಮಿ ಬಿಟ್ಟುಕೊಟ್ಟ ಕುಟುಂಬಕ್ಕೆ ವಾಪಸ್ ಸಿಕ್ಕಿದ್ದು ಎರಡು ಹೆಕ್ಟೇರ್ ತೋಟ, ಸಾಲದ ಸಮೇತ.

2013ರಲ್ಲಿ ಇಂಡೋನೇಷ್ಯಾದ ಸಂವಿಧಾನ ನ್ಯಾಯಾಲಯ, ಸಮುದಾಯದ ಕಾಡು ಸರ್ಕಾರದ ಕಾಡಲ್ಲ ಅಂತ ತೀರ್ಪು ಕೊಟ್ಟಿತು. ಹಕ್ಕುಪತ್ರ ಮಾತ್ರ ನಿಧಾನವಾಗಿ ಬರ್ತಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಪಾಮಾಯಿಲ್ ತರಿಸುವ ದೇಶ ನಮ್ಮದೇ. ಎಣ್ಣೆ ಧಾರಣೆ ಮಾತಾಡುವಾಗ ದಯಾಕ ರೈತನ ನೆಲದ ಮಾತೂ ಬರಲಿ.