ಎಳೆಯರಿಗೆ ಸ್ಥಳೀಯ ಸರಕು–ಸೇವೆಗಳ ಪರಿಚಯ: ವರ್ತಕರು ಮಾಡಬಹುದಾದದ್ದೇನು?

ಊರಿನ ಹಿಟ್ಟಿನ ಗಿರಣಿಗೆ ಇಬ್ಬರು ಗಿರಾಕಿಗಳು ಬರುತ್ತಾರೆ. ಒಬ್ಬರು ಮನೆಯ ರಾಗಿಯನ್ನು ತಂದು, ಬೀಸಿಸಿಕೊಂಡು, ಬೀಸಿದ ಕೂಲಿಯನ್ನಷ್ಟೇ ಕೊಟ್ಟು ಹೋಗುತ್ತಾರೆ. ಇನ್ನೊಬ್ಬರು ಗಿರಣಿಯವರೇ ತೂಗಿ ಕಟ್ಟಿಟ್ಟ ರಾಗಿಹಿಟ್ಟಿನ ಪೊಟ್ಟಣವನ್ನು ಕೊಂಡೊಯ್ಯುತ್ತಾರೆ. ಮೊದಲನೆಯವರು ಪಡೆದದ್ದು ಸೇವೆ, ಎರಡನೆಯವರು ಪಡೆದದ್ದು ಸರಕು. ಯಂತ್ರ ಒಂದೇ, ಹಿಟ್ಟೂ ಒಂದೇ. ವ್ಯವಹಾರದ ಸ್ವರೂಪ ಮಾತ್ರ ಬೇರೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯು ಪ್ರತ್ಯೇಕ ವ್ಯಾಖ್ಯೆಗಳ ಮೂಲಕ ಗುರುತಿಸುವ ಈ ಭೇದವನ್ನು ಗಿರಣಿಯ ಕಟ್ಟೆಯ ಮೇಲೆ ನಿಂತ ಎಂಟು ವರ್ಷದ ಬಾಲಕಿಯೂ ಕಣ್ಣಾರೆ ಕಂಡು ಅರಿಯಬಲ್ಲಳು.

ಆದರೆ ಇಂದು ಅನೇಕ ಮಕ್ಕಳಿಗೆ ಆ ಕಟ್ಟೆಯ ಪರಿಚಯವೇ ಇಲ್ಲ. ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಸಾಮಾನು ಬಾಗಿಲಿಗೆ ಬರುತ್ತದೆ. ದರ್ಜಿ, ಬಡಗಿ, ಸೈಕಲ್ ರಿಪೇರಿಯವರು, ಕುಂಬಾರರು ತಮ್ಮ ಬೀದಿಯಲ್ಲೇ ಇದ್ದರೂ ಮಕ್ಕಳ ಗಮನಕ್ಕೆ ಬಾರದೆ ಉಳಿಯುತ್ತಾರೆ. ಒಂದು ವಸ್ತುವಿನ ಬೆಲೆಯಲ್ಲಿ ಎಷ್ಟು ಜನರ ದುಡಿಮೆ ಸೇರಿದೆಯೆಂಬುದನ್ನು ಅರಿಯದೆ ಬೆಳೆದವರು ನಾಳೆ ಸ್ಥಳೀಯ ಸರಕನ್ನು ಕೇವಲ ದರದಿಂದ ಅಳೆಯುವ ಗಿರಾಕಿಗಳಾಗುತ್ತಾರೆ. ಆ ಕಸುಬುಗಳಿಗೆ ಉತ್ತರಾಧಿಕಾರಿಗಳೂ ದೊರೆಯುವುದಿಲ್ಲ. ಆದ್ದರಿಂದ ಈ ವಿಷಯವು ಶಾಲೆಗೆ ಮಾತ್ರ ಸಂಬಂಧಿಸಿದ್ದಲ್ಲ, ವರ್ತಕ ಸಮುದಾಯಕ್ಕೂ ಸಂಬಂಧಿಸಿದ್ದು.

ಮಕ್ಕಳ ಸಂತೆ ಮತ್ತು ಮರೆತುಹೋಗುವ ಖರ್ಚು

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ ಅಥವಾ ಮೆಟ್ರಿಕ್ ಮೇಳವು ಈ ದಿಸೆಯಲ್ಲಿ ಉತ್ತಮ ಪದ್ಧತಿ. ಮಕ್ಕಳು ಮನೆಯಿಂದ ಸೊಪ್ಪು, ತರಕಾರಿ, ಹಣ್ಣು, ತಿಂಡಿಗಳನ್ನು ತಂದು ಶಾಲೆಯ ಅಂಗಳದಲ್ಲಿ ಮಾರುತ್ತಾರೆ. ಪೋಷಕರು ಮತ್ತು ಊರವರು ಕೊಳ್ಳುತ್ತಾರೆ. ತೂಕ, ಅಳತೆ, ಚಿಲ್ಲರೆ, ಚೌಕಾಸಿ ಎಲ್ಲವೂ ಒಂದೇ ದಿನದಲ್ಲಿ ಅನುಭವಕ್ಕೆ ಬರುತ್ತವೆ.

ಇದರಲ್ಲಿ ಸಾಮಾನ್ಯವಾಗಿ ಉಳಿದುಹೋಗುವ ಪಾಠವೊಂದಿದೆ. ಉದಾಹರಣೆಗೆ, ನಿಂಬೆ ಪಾನಕ ಮಾರಿದ ಹುಡುಗನೊಬ್ಬನ ಲೆಕ್ಕವನ್ನು ಊಹಿಸಿಕೊಳ್ಳಬಹುದು. ನಿಂಬೆಹಣ್ಣಿಗೆ 60 ರೂ., ಸಕ್ಕರೆಗೆ 40 ರೂ., ಲೋಟಗಳಿಗೆ 30 ರೂ., ಒಟ್ಟು 130 ರೂ. ಖರ್ಚು. ಲೋಟಕ್ಕೆ 5 ರೂ.ನಂತೆ 40 ಲೋಟ ಮಾರಿದರೆ ಬಂದದ್ದು 200 ರೂ. ಹುಡುಗನು 200 ರೂ. ಲಾಭವೆಂದು ಸಂಭ್ರಮಿಸುತ್ತಾನೆ. ಖರ್ಚನ್ನು ಕಳೆದರೆ ಉಳಿಯುವುದು 70 ರೂ. ಹಣ್ಣು ಹಿಂಡಿಕೊಟ್ಟ ತಾಯಿಯ ಎರಡು ಗಂಟೆಯ ದುಡಿಮೆಗೆ ಕೂಲಿ ಹಿಡಿದರೆ ಆ 70 ರೂ. ಕೂಡ ಉಳಿಯುವುದು ಕಷ್ಟ. ಇದು ಮಕ್ಕಳದಷ್ಟೇ ತಪ್ಪಲ್ಲ. ತಮ್ಮ ಮತ್ತು ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ದರ ನಿಗದಿಪಡಿಸುವ ಸಣ್ಣ ಉತ್ಪಾದಕರೂ ಇದನ್ನೇ ಮಾಡುತ್ತಾರೆ. ಸಂತೆಯ ಸಂಜೆ ಅರ್ಧ ಗಂಟೆ ಶಾಲೆಗೆ ಹೋಗಿ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಲು ಅನುಭವಿ ವರ್ತಕರಿಗಿಂತ ಯೋಗ್ಯರು ಬೇರಿಲ್ಲ.

ಪೊಟ್ಟಣವನ್ನು ಓದುವುದು

ಎರಡನೆಯ ಪಾಠಕ್ಕೆ ಖಾಲಿ ಪೊಟ್ಟಣಗಳೇ ಸಾಕು. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳಂತೆ ಚಿಲ್ಲರೆ ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ ಮತ್ತು ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಇರಬೇಕು. ಪ್ರತಿ ಮಗುವೂ ಮನೆಯಿಂದ ಐದು ಪೊಟ್ಟಣಗಳನ್ನು ತಂದು ವಿಳಾಸಗಳನ್ನು ಓದಿದರೆ, ಯಾವುದು ತನ್ನ ಜಿಲ್ಲೆಯದು, ಯಾವುದು ದೂರದ್ದು ಎಂಬುದು ತಿಳಿಯುತ್ತದೆ. ತೂಕದ ಯಂತ್ರದ ಮೇಲಿನ ಸತ್ಯಾಪನೆ ಮುದ್ರೆಯನ್ನು ಅಂಗಡಿಯವರೇ ಮಕ್ಕಳಿಗೆ ತೋರಿಸಿದರೆ, ಪ್ರಾಮಾಣಿಕ ವ್ಯಾಪಾರದ ಮೇಲಿನ ನಂಬಿಕೆಯೂ ಬೆಳೆಯುತ್ತದೆ. ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನ ಇದಕ್ಕೆ ಸೂಕ್ತ ಸಂದರ್ಭ.

ಊರಿನ ಹೆಸರು ಹೊತ್ತ ಸರಕು

ಚನ್ನಪಟ್ಟಣದ ಬೊಂಬೆಯ ಉದಾಹರಣೆ ಮಕ್ಕಳಿಗೆ ಬಹುಬೇಗ ಮನಸ್ಸಿಗೆ ಹತ್ತುತ್ತದೆ. ಮೃದುವಾದ ಆಲೆಮರದ ತುಂಡನ್ನು ಲೇತ್ ಯಂತ್ರದಲ್ಲಿ ತಿರುಗಿಸಿ ಆಕಾರ ಕೊಡುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮೈಗೆ ಹತ್ತುತ್ತದೆ. ಮರ ಬೆಳೆದವರು, ಒಣಗಿಸಿದವರು, ಕಡೆದವರು, ಬಣ್ಣ ಕೊಟ್ಟವರು, ಸಾಗಿಸಿದವರು, ಮಾರಿದವರು: ಇವರೆಲ್ಲರ ಪಾಲು ಒಂದು ಬುಗುರಿಯ ಬೆಲೆಯಲ್ಲಿದೆ. 1999ರ ಭೌಗೋಳಿಕ ಸೂಚಕ ಕಾಯಿದೆಯಡಿ ಈ ಬೊಂಬೆಗಳಂತೆಯೇ ಇಳಕಲ್ ಸೀರೆ, ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡ, ನಂಜನಗೂಡು ರಸಬಾಳೆ, ಉಡುಪಿ ಮಲ್ಲಿಗೆ ಮೊದಲಾದವು ನೋಂದಣಿ ಪಡೆದಿವೆ. ತನ್ನ ಊರಿನ ಹೆಸರಿಗೂ ಬೆಲೆಯಿದೆ, ಅದನ್ನು ಕಾಯಲು ಕಾನೂನಿದೆ ಎಂಬ ಅರಿವು ಮಗುವಿಗೆ ಎಳವೆಯಲ್ಲೇ ಬರುವುದು ಹಿತಕರ.

ಗಮನಿಸಬೇಕಾದ ಅಂಶಗಳು

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯ ಅವಧಿಯಲ್ಲಿ ಬಡಗಿ, ತೋಟಗಾರ, ಕುಂಬಾರ ಮುಂತಾದವರೊಡನೆ ಕಲಿಯುವ 10 ದಿನಗಳ ಚೀಲರಹಿತ ಅವಧಿಯನ್ನು ಸೂಚಿಸಿದೆ. ಅದಕ್ಕಿಂತ ಕಿರಿಯ ಮಕ್ಕಳಿಗೆ ಒಂದು ಗಂಟೆಯ ಭೇಟಿಯೇ ಸಾಕು. ಭೇಟಿ ಏರ್ಪಡಿಸುವವರು ಕೆಳಗಿನ ಸಂಗತಿಗಳನ್ನು ಗಮನಿಸಬೇಕು.

1. ಮಕ್ಕಳು ನೋಡಲು ಬಂದವರೇ ಹೊರತು ದುಡಿಯಲು ಬಂದವರಲ್ಲ. 2016ರಲ್ಲಿ ತಿದ್ದುಪಡಿಯಾದ 1986ರ ಬಾಲಕಾರ್ಮಿಕ ಕಾಯಿದೆಯು 14 ವರ್ಷದೊಳಗಿನವರನ್ನು ಕೆಲಸಕ್ಕೆ ನೇಮಿಸಿಕೊಳ್ಳುವುದನ್ನು ನಿಷೇಧಿಸುತ್ತದೆ. ಶಾಲಾ ಅವಧಿಯ ನಂತರ ಸ್ವಂತ ಕುಟುಂಬದ ಅಪಾಯರಹಿತ ಉದ್ಯಮದಲ್ಲಿ ನೆರವಾಗುವುದು ಅದರ ಸೀಮಿತ ವಿನಾಯಿತಿಗಳಲ್ಲೊಂದು.

2. ಭೇಟಿಗೆ ಶಾಲೆಯ ಮತ್ತು ಪೋಷಕರ ಲಿಖಿತ ಒಪ್ಪಿಗೆ ಇರಲಿ, ಶಿಕ್ಷಕರು ಜೊತೆಗಿರಲಿ. ತಿರುಗುವ ಪಟ್ಟಿ, ಬಿಸಿ ಎಣ್ಣೆ, ರಾಸಾಯನಿಕಗಳಿಂದ ಮಕ್ಕಳು ದೂರವಿರಲಿ.

3. ಮಕ್ಕಳಿಗೆ ಉಡುಗೊರೆಯಾಗಿ ಅಥವಾ ಉಚಿತ ಮಾದರಿಯಾಗಿ ಕೊಟ್ಟ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯದು. ಈಗಾಗಲೇ ಪಡೆದಿದ್ದರೆ ಹಿಂತಿರುಗಿಸಬೇಕು. ಹಂಚಿದ ಸರಕಿನ ವಿವರವನ್ನು ದಾಸ್ತಾನು ಪುಸ್ತಕದಲ್ಲಿ ಬರೆದಿಡಬೇಕು.

4. ಭೇಟಿಯು ಜಾಹೀರಾತಾಗಬಾರದು. ‘ನಮ್ಮದನ್ನೇ ಕೊಳ್ಳಿ’ ಎಂಬ ಮಾತಿಗಿಂತ ‘ಇದನ್ನು ಹೀಗೆ ಮಾಡುತ್ತೇವೆ’ ಎಂಬ ಮಾತು ಮಗುವಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಈ ಕಾರ್ಯಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಪ್ರತಿ ವರ್ತಕರೂ ವರ್ಷಕ್ಕೊಮ್ಮೆ ಸಮೀಪದ ಶಾಲೆಯ ಒಂದು ತರಗತಿಯನ್ನು ತಮ್ಮ ಅಂಗಡಿಗೋ ಕಾರ್ಖಾನೆಗೋ ಕರೆದು, ಒಂದು ಸರಕು ಹೇಗೆ ತಯಾರಾಗುತ್ತದೆ, ಅದರ ಬೆಲೆ ಹೇಗೆ ಕೂಡುತ್ತದೆ ಎಂಬುದನ್ನು ತೋರಿಸಿದರೆ ಸಾಕು. ಇದರ ಪ್ರತಿಫಲ ಆ ವರ್ಷದ ಅಢಾವೆ ಪತ್ರಿಕೆಯಲ್ಲಿ ಕಾಣಲಾರದು. ಆದರೆ ಹದಿನೈದು ವರ್ಷಗಳ ನಂತರ ಅದೇ ಕಟ್ಟೆಯ ಮುಂದೆ ಗಿರಾಕಿಯಾಗಿ, ಕುಶಲಕರ್ಮಿಯಾಗಿ ಅಥವಾ ಉದ್ಯಮಿಯಾಗಿ ಬಂದು ನಿಲ್ಲುವವರು ಇಂದಿನ ಈ ಮಕ್ಕಳೇ ಎಂಬುದನ್ನು ವರ್ತಕ ಬಾಂಧವರು ನೆನಪಿನಲ್ಲಿಡುವುದು ಒಳಿತು.